ನೀರಿನ ಬಿಲ್ ಕೈಮೀರುತ್ತಿದೆಯೇ? ಬೆಂಗಳೂರಿನ ಕಡಿಮೆ ಆದಾಯದ ಮನೆಗಳಿಗೆ ಹಂತಹಂತದ ಮಾರ್ಗದರ್ಶಿ

‘ಗೃಹಜ್ಯೋತಿಯಲ್ಲಿ ಕರೆಂಟ್ ಫ್ರೀ ಆದ ಹಾಗೆ ಕಾವೇರಿ ನೀರಿಗೂ ಏನಾದರೂ ಇದೆಯೇ?’ ‘ಇನ್ನೂರು ರೂಪಾಯಿ ಬರುತ್ತಿದ್ದ ಬಿಲ್ ಒಮ್ಮೆಲೇ ಎಂಟುನೂರು ಬಂದಿದೆ, ಯಾರನ್ನು ಕೇಳಬೇಕು?’ ‘ಬಾಕಿ ಕಟ್ಟಲು ಆಗುತ್ತಿಲ್ಲ, ಕನೆಕ್ಷನ್ ಕಿತ್ತುಹಾಕುತ್ತಾರೆಯೇ?’ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು.

ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು: ಗೃಹಜ್ಯೋತಿ ವಿದ್ಯುತ್ತಿಗೆ ಮಾತ್ರ, ನೀರಿನ ಬಿಲ್ಲಿಗೆ ಅದು ಅನ್ವಯಿಸುವುದಿಲ್ಲ. ಉಳಿದೆರಡಕ್ಕೆ ದಾರಿಗಳಿವೆ. ಆದರೆ ಬಿಲ್ ಕೈಗೆ ಬಂದ ತಿಂಗಳೇ ಕೆಲಸ ಶುರು ಮಾಡಬೇಕು. ನೀರಿನ ಬಿಲ್ಲಿನಲ್ಲಿ ಸೋರಿಕೆಯೂ ತಪ್ಪು ರೀಡಿಂಗೂ ಬಡ್ಡಿಯೂ ಒಂದರ ಮೇಲೊಂದು ಕೂರುತ್ತವೆ. ಮೊದಲ ತಿಂಗಳು ಒಂದು ವಾಷರ್‌ನಲ್ಲಿ ಮುಗಿಯುತ್ತಿದ್ದ ವಿಷಯ ಆರು ತಿಂಗಳಾದ ಮೇಲೆ ಕಂತಿನ ಅರ್ಜಿಯವರೆಗೆ ಹೋಗುತ್ತದೆ.

ಕನೆಕ್ಷನ್ ಕಳೆದುಕೊಳ್ಳುವುದು ಎಷ್ಟು ದುಬಾರಿ ಎಂಬುದನ್ನೂ ಮೊದಲೇ ತಿಳಿದಿರಿ. 2024ರ ಮಾರ್ಚ್‌ನಲ್ಲಿ, ನೀರಿನ ಬರ ಬಿಗಿಯಾಗಿದ್ದಾಗ, ಬೆಂಗಳೂರು ಜಿಲ್ಲಾಡಳಿತ ಟ್ಯಾಂಕರ್ ದರಕ್ಕೆ ಮಿತಿ ಹಾಕಿತು: 5 ಕಿ.ಮೀ. ಒಳಗೆ 12,000 ಲೀಟರ್ ಟ್ಯಾಂಕರಿಗೆ 1,000 ರೂ. ಅಂದರೆ ಸಾವಿರ ಲೀಟರಿಗೆ 83 ರೂ. ಆಗ ಮನೆಗಳಿಗೆ ಬರುತ್ತಿದ್ದ ಕಾವೇರಿ ನೀರಿನ ಮೊದಲ ಹಂತದ ದರ ಸಾವಿರ ಲೀಟರಿಗೆ 7 ರೂ. ಎಷ್ಟೇ ಕಷ್ಟವಿದ್ದರೂ ನಲ್ಲಿ ಸಂಪರ್ಕ ಕಡಿತವಾಗಲು ಬಿಡಬೇಡಿ.

ಮುಂದಿನ ವಿವರಗಳು ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ (ಎಲ್ಲರ ಬಾಯಲ್ಲಿ ‘ಜಲಮಂಡಳಿ’) ಸಂಪರ್ಕ ಇರುವ ಮನೆಗಳಿಗೆ. ಬೇರೆ ಊರಿನವರಿಗೆ ಕೊನೆಯಲ್ಲಿ ಬರೆದಿದ್ದೇವೆ.

ಬೇಕಾದವು: ಸಿಕ್ಕಷ್ಟು ಹಳೆಯ ಬಿಲ್ಲುಗಳು (ಒಂದು ವರ್ಷದ್ದಿದ್ದರೆ ಒಳ್ಳೆಯದು), ಒಂದು ನೋಟ್‌ಬುಕ್, ಫೋಟೊ ತೆಗೆಯುವ ಫೋನ್, 20 ಲೀಟರಿನ ನೀರಿನ ಕ್ಯಾನ್, ಸೀಮೆಸುಣ್ಣ, ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ.

ಹಂತ 1: ಬಿಲ್ ಓದಿ, ಮೊತ್ತವನ್ನಷ್ಟೇ ನೋಡಬೇಡಿ

ಬಿಲ್ಲಿನಲ್ಲಿ ನಾಲ್ಕು ಜಾಗ ಮುಖ್ಯ.

ಆರ್.ಆರ್. ಸಂಖ್ಯೆ: ಇದು ನಿಮ್ಮ ಸಂಪರ್ಕದ ಗುರುತು. ದೂರು, ಅರ್ಜಿ, ಆನ್‌ಲೈನ್ ಪಾವತಿ ಎಲ್ಲಕ್ಕೂ ಇದೇ ಬೇಕು. ಕರೆಂಟ್ ಬಿಲ್ಲಿನಲ್ಲೂ ಇದೇ ಹೆಸರಿನ ಸಂಖ್ಯೆ ಇರುತ್ತದೆ, ಎರಡನ್ನೂ ಅದಲುಬದಲು ಮಾಡಬೇಡಿ.

ಹಿಂದಿನ ರೀಡಿಂಗ್, ಈಗಿನ ರೀಡಿಂಗ್: ಇವೆರಡರ ವ್ಯತ್ಯಾಸವೇ ಬಳಕೆ. ಇದನ್ನು ಕಿಲೋಲೀಟರಿನಲ್ಲಿ ಅಳೆಯುತ್ತಾರೆ. ಒಂದು ಕಿಲೋಲೀಟರ್ ಎಂದರೆ 1,000 ಲೀಟರ್.

ಮೀಟರ್ ಸ್ಥಿತಿ: ಮೀಟರ್ ಓದಿ ಹಾಕಿದ ಬಿಲ್ಲೋ, ಗೇಟಿಗೆ ಬೀಗ ಇದ್ದದ್ದರಿಂದ ಅಥವಾ ಮೀಟರ್ ಕೆಟ್ಟಿದ್ದರಿಂದ ಸರಾಸರಿ ಲೆಕ್ಕದಲ್ಲಿ ಹಾಕಿದ ಬಿಲ್ಲೋ ಎಂಬುದು ಇಲ್ಲಿ ತಿಳಿಯುತ್ತದೆ. ಹೆಚ್ಚಿನವರು ಇದನ್ನು ನೋಡುವುದೇ ಇಲ್ಲ. ಒಮ್ಮೆಲೇ ಏರಿದ ಬಿಲ್ಲಿನ ಕಾರಣ ಬಹಳ ಸಲ ಇಲ್ಲೇ ಇರುತ್ತದೆ.

ಬಾಕಿ ಮತ್ತು ಬಡ್ಡಿ: ಈ ತಿಂಗಳ ನೀರಿನ ಹಣ ಎಷ್ಟು, ಹಳೆಯ ಬಾಕಿ ಎಷ್ಟು, ಅದರ ಮೇಲಿನ ಬಡ್ಡಿ ಎಷ್ಟು ಎಂದು ಬೇರೆ ಬೇರೆ ಬರೆದುಕೊಳ್ಳಿ.

ಇದರ ಜತೆಗೆ ಒಳಚರಂಡಿ ಶುಲ್ಕ, ಮೀಟರ್ ಶುಲ್ಕ, ಕೆಲವರಿಗೆ ಬೋರ್‌ವೆಲ್ ಶುಲ್ಕ ಇರುತ್ತವೆ. ಒಳಚರಂಡಿ ಶುಲ್ಕ ನೀರಿನ ಶುಲ್ಕದ ಶೇಕಡಾ ಲೆಕ್ಕದಲ್ಲಿ ಬರುವುದರಿಂದ ನೀರು ಉಳಿಸಿದರೆ ಅದೂ ಇಳಿಯುತ್ತದೆ. ಮಳೆನೀರು ಸಂಗ್ರಹ ಮಾಡದ್ದಕ್ಕೆ ದಂಡ ಬಿದ್ದಿದ್ದರೆ ನಿವೇಶನದ ಅಳತೆ ಸರಿಯಾಗಿ ನಮೂದಾಗಿದೆಯೇ ನೋಡಿ. ಈ ನಿಯಮ ನಿವೇಶನದ ವಿಸ್ತೀರ್ಣದ ಮೇಲೆ ನಿಂತಿದೆ, ಚಿಕ್ಕ ನಿವೇಶನದ ಹಳೆಯ ಮನೆಗಳಿಗೆ ಅನ್ವಯಿಸುವುದಿಲ್ಲ.

ಹಂತ 2: ಸ್ಲ್ಯಾಬ್ ಲೆಕ್ಕ ಅರ್ಥ ಮಾಡಿಕೊಳ್ಳಿ

ಬಳಕೆ ಹೆಚ್ಚಿದಂತೆ ದರವೂ ಹೆಚ್ಚುವ ಮೆಟ್ಟಿಲುಗಳಿಗೆ ಸ್ಲ್ಯಾಬ್ ಎನ್ನುತ್ತಾರೆ. ಮನೆ ಬಳಕೆಗೆ ಮೆಟ್ಟಿಲುಗಳು 8,000 ಲೀಟರ್, 25,000 ಲೀಟರ್ ಮತ್ತು 50,000 ಲೀಟರಿನಲ್ಲಿವೆ. 2014ರ ಕೊನೆಯಿಂದ 2025ರ ಏಪ್ರಿಲ್‌ವರೆಗೆ ಇದ್ದ ದರ ಕಿಲೋಲೀಟರಿಗೆ ಕ್ರಮವಾಗಿ 7, 11, 26 ಮತ್ತು 45 ರೂ. 2025ರ ಏಪ್ರಿಲ್‌ನಲ್ಲಿ ಎಲ್ಲ ಸ್ಲ್ಯಾಬ್‌ಗಳ ದರ ಏರಿತು, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಶೇ 3ರಷ್ಟು ಏರಿಸುವ ನಿರ್ಧಾರವೂ ಆಯಿತು. ಹಾಗಾಗಿ ಈ ಲೇಖನದ ಉದಾಹರಣೆಗಳನ್ನು ಹಳೆಯ ದರದಲ್ಲೇ ಕೊಡುತ್ತೇವೆ, ನೀವು ನಿಮ್ಮ ಬಿಲ್ಲಿನ ದರ ಹಾಕಿ ಅದೇ ಲೆಕ್ಕ ಮಾಡಿ.

24 ಕಿಲೋಲೀಟರ್ ಬಳಸಿದ ಮನೆ: ಮೊದಲ 8ಕ್ಕೆ 56 ರೂ., ಉಳಿದ 16ಕ್ಕೆ 176 ರೂ., ಒಟ್ಟು 232 ರೂ.
30 ಕಿಲೋಲೀಟರ್ ಬಳಸಿದ ಮನೆ: 56 + 187 + (5 × 26 = 130), ಒಟ್ಟು 373 ರೂ.

ನೀರು ಕಾಲು ಭಾಗ ಹೆಚ್ಚಾಯಿತು, ಹಣ ಶೇ 60ರಷ್ಟು ಹೆಚ್ಚಾಯಿತು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: 25,000 ದಾಟಿದರೆ ಪೂರ್ತಿ ನೀರಿಗೂ ಹೆಚ್ಚಿನ ದರ ಬೀಳುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಹಾಗಲ್ಲ, ದಾಟಿದ ಭಾಗಕ್ಕೆ ಮಾತ್ರ.

ನಿಮ್ಮ ಗುರಿ ಎಷ್ಟಿರಬೇಕು? ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರಿ ಮಾನದಂಡ. ಐದು ಜನರ ಮನೆಗೆ ತಿಂಗಳಿಗೆ 20,250 ಲೀಟರ್ ಆಯಿತು. ಆದ್ದರಿಂದ ಒಂದೇ ಕುಟುಂಬವಿದ್ದೂ ಬಿಲ್ 25,000 ದಾಟುತ್ತಿದ್ದರೆ ಮನೆಯವರನ್ನು ಬೈಯುವ ಮೊದಲು ಪೈಪು ನೋಡಿ. ಸೋರಿಕೆಯೋ ರೀಡಿಂಗ್ ತಪ್ಪೋ ಇರುವ ಸಾಧ್ಯತೆಯೇ ಹೆಚ್ಚು.

ಹಂತ 3: ಸೋರಿಕೆ ಹುಡುಕಿ

ಹಣ ಕೈಬಿಟ್ಟು ಹೋಗುವುದು ಹೆಚ್ಚಾಗಿ ಇಲ್ಲಿಯೇ. ಈ ಹಂತಕ್ಕೆ ಒಂದು ರಜಾ ದಿನ ಕೊಡಿ.

ಮೀಟರ್: ಬಿಲ್ಲಿಗೆ ಲೆಕ್ಕವಾಗುವುದು ಕಪ್ಪು ಅಂಕಿಗಳು (ಕಿಲೋಲೀಟರ್). ಕೆಂಪು ಅಂಕಿ ಅಥವಾ ಕೆಂಪು ಮುಳ್ಳು ಲೀಟರುಗಳನ್ನು ತೋರಿಸುತ್ತದೆ. ಮಧ್ಯದಲ್ಲಿ ನಕ್ಷತ್ರದ ಆಕಾರದ ಪುಟ್ಟ ಚಕ್ರವೊಂದಿರುತ್ತದೆ, ಎಳೆಯಷ್ಟು ನೀರು ಹರಿದರೂ ಅದು ತಿರುಗುತ್ತದೆ. ಎಲ್ಲ ನಲ್ಲಿ ಮುಚ್ಚಿ ಮೀಟರ್ ನೋಡಿ ಎಂಬ ಸಲಹೆಯನ್ನು ನೀವು ಕೇಳಿರಬಹುದು. ನೀರು ದಿನ ಬಿಟ್ಟು ದಿನ ಬರುವ ನಮ್ಮ ಬಡಾವಣೆಗಳಲ್ಲಿ ಅದು ಸಾಲದು. ಲೈನಿನಲ್ಲಿ ನೀರೇ ಇಲ್ಲದಾಗ ಪೈಪು ಒಡೆದಿದ್ದರೂ ಚಕ್ರ ತಿರುಗುವುದಿಲ್ಲ. ನೀರು ಬಿಟ್ಟಿರುವ ಹೊತ್ತಿನಲ್ಲೇ ನೋಡಬೇಕು. ಸಂಪಿನೊಳಗಿನ ಫ್ಲೋಟ್ ವಾಲ್ವಿನ (ನೀರು ತುಂಬಿದಾಗ ತಾನೇ ಮುಚ್ಚಿಕೊಳ್ಳುವ, ಚೆಂಡು ಇರುವ ನಲ್ಲಿ) ಚೆಂಡನ್ನು ಕೈಯಲ್ಲಿ ಮೇಲೆತ್ತಿ ಹಿಡಿಯಿರಿ. ನೇರವಾಗಿ ಕಾವೇರಿ ಲೈನಿನಿಂದ ಬರುವ ನಲ್ಲಿಗಳನ್ನು ಮುಚ್ಚಿ. ಇನ್ನೊಬ್ಬರು ಮೀಟರ್ ನೋಡಲಿ. ಆಗಲೂ ಚಕ್ರ ತಿರುಗುತ್ತಿದ್ದರೆ ಮೀಟರಿನಿಂದ ಸಂಪಿನವರೆಗಿನ ನೆಲದಡಿಯ ಪೈಪಿನಲ್ಲಿ ಸೋರಿಕೆ ಇದೆ. ಮೀಟರಿನಿಂದ ಈಚೆಗಿನದು ನಿಮ್ಮ ಖರ್ಚು. ಮೀಟರಿನಿಂದ ಆಚೆ ರಸ್ತೆಯ ಕಡೆ ಸೋರುತ್ತಿದ್ದರೆ 1916ಕ್ಕೆ ಕರೆ ಮಾಡಿ, ಅದು ಮಂಡಳಿಯ ಕೆಲಸ.

ಚೆಂಡನ್ನು ಎತ್ತಿದರೂ ವಾಲ್ವಿನಿಂದ ನೀರು ಬೀಳುವುದು ನಿಲ್ಲದಿದ್ದರೆ ವಾಲ್ವೇ ಹೋಗಿದೆ. ರಾತ್ರಿ ನೀರು ಬಿಡುವ ಕಡೆ ಇದು ಅತಿ ದೊಡ್ಡ ಕಳ್ಳ. ಸಂಪು ತುಂಬಿ ಹೆಚ್ಚಿನ ನೀರು ಓವರ್‌ಫ್ಲೋ ಪೈಪಿನಿಂದ ನೇರ ಮೋರಿಗೆ ಹೋಗುತ್ತದೆ, ಅಂಗಳ ಒದ್ದೆಯಾಗದ ಕಾರಣ ಯಾರಿಗೂ ಗೊತ್ತಾಗುವುದಿಲ್ಲ.

ಸಂಪು: ಸಂಜೆ ಮೋಟರ್ ಆಫ್ ಮಾಡಿ, ಗೋಡೆಯ ಮೇಲೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಅಲ್ಲಿಂದ ನೀರಿಗೆ ಎಷ್ಟು ದೂರ ಎಂದು ಅಳೆಯಿರಿ. ಬೆಳಗ್ಗೆ ಮತ್ತೆ ಅಳೆಯಿರಿ. ನೀರು ಬಿಡದ ದಿನವೇ ಮಾಡಿ. ಸಂಪು 2 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ ಇದ್ದರೆ ಒಂದು ಸೆಂಟಿಮೀಟರ್ ಇಳಿದಿದ್ದರೂ 30 ಲೀಟರ್ ಹೋಗಿದೆ ಎಂದರ್ಥ. ಬಿರುಕು ಸಣ್ಣದಾಗಿದ್ದರೆ ನೀರು ತಡೆಯುವ ಸಿಮೆಂಟ್ ಮಿಶ್ರಣದಿಂದ ಒಳಗಿನಿಂದ ಮುಚ್ಚಬಹುದು. ಸಂಪಿನೊಳಗೆ ಒಬ್ಬರೇ ಇಳಿಯಬೇಡಿ, ಮುಚ್ಚಳವನ್ನು ಬಹಳ ಹೊತ್ತು ಮೊದಲೇ ತೆಗೆದಿಟ್ಟಿರಿ. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಜೀವ ಹೋಗುತ್ತದೆ.

ಫ್ಲಶ್ ಟ್ಯಾಂಕ್: ತೊಟ್ಟಿಯ ನೀರಿಗೆ ಬಣ್ಣ ಹಾಕಿ, ಇಪ್ಪತ್ತು ನಿಮಿಷ ಯಾರೂ ಬಳಸದಂತೆ ನೋಡಿಕೊಳ್ಳಿ. ಕೆಳಗೆ ಕಮೋಡಿನಲ್ಲಿ ಬಣ್ಣ ಕಂಡರೆ ತಳದ ರಬ್ಬರ್ ಸವೆದಿದೆ. ಈ ಸೋರಿಕೆಗೆ ಸದ್ದಿಲ್ಲ, ನಿಲುಗಡೆಯೂ ಇಲ್ಲ.

ನಲ್ಲಿ: ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರ್ ಮಗ್ ಇಡಿ. ಒಂದು ಗಂಟೆಯಲ್ಲಿ ತುಂಬಿದರೆ ತಿಂಗಳಿಗೆ 720 ಲೀಟರ್. ಹಳೆಯ ತಿರುಗಿಸುವ ನಲ್ಲಿಗೆ ಕೆಲವೇ ರೂಪಾಯಿಯ ವಾಷರ್ ಸಾಕು. ಸೋರುತ್ತದೆಂದು ಇನ್ನೂ ಬಿಗಿಯಾಗಿ ತಿರುಗಿಸಿದರೆ ಒಳಗೆ ವಾಷರ್ ಕೂರುವ ಜಾಗವೇ ಸವೆದು, ಆಮೇಲೆ ಹೊಸ ನಲ್ಲಿಯನ್ನೇ ಹಾಕಬೇಕಾಗುತ್ತದೆ.

ಮೇಲಿನ ಟ್ಯಾಂಕ್: ಮೋಟರ್ ಹಾಕಿ ಮರೆಯುವುದು ಎಲ್ಲ ಮನೆಯಲ್ಲೂ ಇದೆ. ಎಷ್ಟು ನಿಮಿಷಕ್ಕೆ ತುಂಬುತ್ತದೆ ಎಂದು ಒಮ್ಮೆ ಅಳೆದು ಮೋಟರ್ ಸ್ವಿಚ್ಚಿನ ಪಕ್ಕ ಬರೆಯಿರಿ, ಫೋನಿನಲ್ಲಿ ಅಲಾರಾಂ ಇಡಿ. ಮೋಟರಿನ ಕರೆಂಟೂ ಉಳಿಯುತ್ತದೆ, ಗೃಹಜ್ಯೋತಿಯ ಮಿತಿ ದಾಟುವ ಭಯದಲ್ಲಿರುವವರಿಗೆ ಅದು ಸಣ್ಣ ವಿಷಯವಲ್ಲ.

ಹಂತ 4: ಬಳಕೆಯಲ್ಲಿ ಕಡಿಮೆ ಖರ್ಚಿನ ಬದಲಾವಣೆ

ಇದನ್ನು ಬೇಗ ಮುಗಿಸುತ್ತೇವೆ, ಬಡ ಮನೆಗಳಲ್ಲಿ ನೀರನ್ನು ಈಗಾಗಲೇ ಅಳೆದೇ ಬಳಸುತ್ತಾರೆ. ಹಳೆಯ 10 ಲೀಟರ್ ಫ್ಲಶ್ ಟ್ಯಾಂಕ್ ಇದ್ದರೆ ನೀರು ತುಂಬಿ ಮುಚ್ಚಿದ ಒಂದು ಲೀಟರ್ ಬಾಟಲಿ ಒಳಗಿಡಿ. ಐದು ಜನ ದಿನಕ್ಕೆ ಐದೈದು ಸಲ ಬಳಸಿದರೆ ತಿಂಗಳಿಗೆ 750 ಲೀಟರ್ ಉಳಿಯುತ್ತದೆ. ಇಟ್ಟಿಗೆ ಇಡಬೇಡಿ, ಕರಗಿ ಪುಡಿ ವಾಲ್ವಿಗೆ ಸಿಕ್ಕಿ ಅಲ್ಲೇ ಸೋರಿಕೆ ಶುರುವಾಗುತ್ತದೆ. ನಲ್ಲಿಯ ಬಾಯಿಗೆ ಹಾಕುವ ಏರಿಯೇಟರ್ (ನೀರಿಗೆ ಗಾಳಿ ಬೆರೆಸಿ ಹರಿವು ತಗ್ಗಿಸುವ ಜಾಲರಿ) ಅಡುಗೆಮನೆಯ ಸಿಂಕ್ ಮತ್ತು ಕೈ ತೊಳೆಯುವ ನಲ್ಲಿಗೆ ಮಾತ್ರ ಹಾಕಿ. ಬಕೆಟ್ ತುಂಬುವ ನಲ್ಲಿಗೆ ಹಾಕಿದರೆ ಹಣ ವ್ಯರ್ಥ: ಬಕೆಟ್ಟಿಗೆ ಬೇಕಾದ ನೀರು ಅಷ್ಟೇ, ತುಂಬುವುದು ನಿಧಾನವಾಗುತ್ತದೆ. ಕುಡಿಯುವ ನೀರನ್ನು ಗಾಡಿ ತೊಳೆಯಲು ಬಳಸಬೇಡಿ, 2024ರ ಬೇಸಿಗೆಯಲ್ಲಿ ಅದಕ್ಕೆ 5,000 ರೂ. ದಂಡ ಹಾಕಿದ್ದರು.

ಕೈ ತೊಳೆಯುವುದು, ಶೌಚಾಲಯ, ಹಸುಗೂಸು ಅಥವಾ ಕಾಯಿಲೆಯವರ ಆರೈಕೆ, ಇವುಗಳಲ್ಲಿ ನೀರು ಕಡಿತ ಮಾಡಬೇಡಿ. ಅಲ್ಲಿ ಉಳಿಸಿದ ಹತ್ತು ರೂಪಾಯಿ ಆಸ್ಪತ್ರೆಗೆ ಹೋಗುತ್ತದೆ.

ಹಂತ 5: ಬಿಲ್ ತಪ್ಪಾಗಿದ್ದರೆ ಪ್ರಶ್ನಿಸಿ

ಪ್ರತಿ ತಿಂಗಳು ಒಂದೇ ತಾರೀಖಿನಂದು ಮೀಟರಿನ ಫೋಟೊ ತೆಗೆದಿಡಿ. ವಾದಕ್ಕೆ ನಿಂತಾಗ ನಿಮ್ಮ ಕೈಯಲ್ಲಿರುವ ಏಕೈಕ ಸಾಕ್ಷಿ ಅದು. ಮೀಟರ್ ಗುಂಡಿಯ ಮೇಲೆ ಮಣ್ಣು, ಹೂಕುಂಡ, ಸ್ಕೂಟರ್ ಇರದಂತೆ ನೋಡಿಕೊಳ್ಳಿ.

ಬಡವರಿಗೆ ಅತಿ ಹೆಚ್ಚು ಪೆಟ್ಟು ಕೊಡುವ ತಪ್ಪೊಂದಿದೆ. ಮೂರು ತಿಂಗಳು ರೀಡಿಂಗ್ ಆಗದೆ, ಆಮೇಲೆ ಒಂದೇ ಸಲ 45 ಕಿಲೋಲೀಟರ್ ಎಂದು ಬಂತು ಅಂದುಕೊಳ್ಳಿ. ಅದನ್ನು ಒಂದೇ ತಿಂಗಳ ಬಳಕೆ ಎಂದು ಲೆಕ್ಕ ಹಾಕಿದರೆ ಹಳೆಯ ದರದಲ್ಲಿ 763 ರೂ. ತಿಂಗಳಿಗೆ 15ರಂತೆ ಮೂರು ತಿಂಗಳಿಗೆ ಹಂಚಿದರೆ 133 × 3, ಅಂದರೆ 399 ರೂ. ಅಷ್ಟೇ ನೀರು, ಸುಮಾರು ದುಪ್ಪಟ್ಟು ಹಣ. ಸರಾಸರಿ ಬಿಲ್ಲಿನ ನಂತರ ದೊಡ್ಡ ಬಿಲ್ ಬಂದರೆ ‘ಬಳಕೆಯನ್ನು ರೀಡಿಂಗ್ ಆಗದ ತಿಂಗಳುಗಳಿಗೆ ಹಂಚಿ ಸ್ಲ್ಯಾಬ್ ಲೆಕ್ಕ ಹಾಕಿ, ಈಗಾಗಲೇ ಕಟ್ಟಿದ್ದನ್ನು ಕಳೆಯಿರಿ’ ಎಂದು ಬರವಣಿಗೆಯಲ್ಲೇ ಕೇಳಿ.

ಮೀಟರ್ ಅಗತ್ಯಕ್ಕಿಂತ ವೇಗವಾಗಿ ಓಡುತ್ತಿದೆ ಎಂಬ ಅನುಮಾನ ಇದ್ದರೆ: ನೀರು ಬರುವಾಗ ಮೀಟರಿನ ನಂತರದ ನಲ್ಲಿಯಿಂದ 20 ಲೀಟರ್ ಕ್ಯಾನನ್ನು ಐದು ಸಲ ತುಂಬಿ. ಮೀಟರ್ ಸುಮಾರು 100 ಲೀಟರ್ ತೋರಿಸಬೇಕು. 115, 120 ತೋರಿಸಿದರೆ ವಿಡಿಯೊ ಮಾಡಿ, ಮೀಟರ್ ಪರೀಕ್ಷೆಗೆ ಅರ್ಜಿ ಕೊಡಿ. ನೀರು ಬರುವ ಮೊದಲು ಪೈಪಿನಿಂದ ಬುಸ್ ಎಂದು ಗಾಳಿ ಬಂದು ಮೀಟರ್ ತಿರುಗುತ್ತಿದ್ದರೆ ಅದನ್ನೂ ವಿಡಿಯೊ ಮಾಡಿ ಸೇರಿಸಿ. ಸರಬರಾಜು ನಿಂತು ನಿಂತು ಬರುವ ಕಡೆ ಇದು ನಿಜವಾಗಿಯೂ ನಡೆಯುತ್ತದೆ.

ದೂರು ಕೊಡುವ ಕ್ರಮ: ಮೊದಲು 1916ರಲ್ಲಿ ದೂರು ದಾಖಲಿಸಿ ಸಂಖ್ಯೆ ಬರೆದುಕೊಳ್ಳಿ. ನಂತರ ನಿಮ್ಮ ಉಪವಿಭಾಗದ ಸಹಾಯಕ ಕಾರ್ಯಪಾಲಕ ಎಂಜಿನಿಯರ್ ಕಚೇರಿಗೆ ಲಿಖಿತ ಅರ್ಜಿ. ಉಪವಿಭಾಗಗಳಲ್ಲಿ ಆಗಾಗ ನೀರಿನ ಅದಾಲತ್ ನಡೆಯುತ್ತದೆ, ಬಿಲ್ ತಕರಾರು, ಮೀಟರ್, ಮನೆ ಬಳಕೆಯನ್ನು ವಾಣಿಜ್ಯ ಎಂದು ದಾಖಲಿಸಿರುವುದು, ಇಂಥವಕ್ಕೆ ಅದೇ ಸರಿಯಾದ ಜಾಗ. ಅಲ್ಲೂ ಆಗದಿದ್ದರೆ ರಾಜ್ಯ ಸರ್ಕಾರದ 1902 ಸಹಾಯವಾಣಿ. ತಕರಾರು ಇದೆಯೆಂದು ಬಿಲ್ ಪೂರ್ತಿ ನಿಲ್ಲಿಸಬೇಡಿ. ನಿಮ್ಮ ಎಂದಿನ ಮೊತ್ತವನ್ನಾದರೂ ಕಟ್ಟುತ್ತ ಹೋಗಿ, ಇಲ್ಲದಿದ್ದರೆ ತಕರಾರು ನಿಮ್ಮ ಪರವಾದರೂ ಬಡ್ಡಿ ಮೈಮೇಲೆ ಬಂದಿರುತ್ತದೆ.

ಹಂತ 6: ಬಾಕಿ ಬೆಳೆದಿದ್ದರೆ

ನೋಟಿಸ್ ಬರುವವರೆಗೆ ಕಾಯದೆ ಕಚೇರಿಗೆ ಹೋಗಿ. ಬಾಯಿಮಾತಿನ ಭರವಸೆ ಅಧಿಕಾರಿ ವರ್ಗವಾದ ದಿನ ಮುಗಿಯುತ್ತದೆ, ಅರ್ಜಿ ಕೊಟ್ಟು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮಾದರಿ ಹೀಗಿದೆ:

‘ಇವರಿಗೆ, ಸಹಾಯಕ ಕಾರ್ಯಪಾಲಕ ಎಂಜಿನಿಯರ್, ______ ಉಪವಿಭಾಗ, ಬೆಂಗಳೂರು ಜಲಮಂಡಳಿ.
ಮಾನ್ಯರೇ,
ವಿಷಯ: ಆರ್.ಆರ್. ಸಂಖ್ಯೆ ______ರ ಬಾಕಿಯನ್ನು ಕಂತುಗಳಲ್ಲಿ ಕಟ್ಟಲು ಅನುಮತಿ ಕೋರಿ.
ಈ ಸಂಪರ್ಕದಲ್ಲಿ ______ ತಿಂಗಳಿಂದ ಒಟ್ಟು ______ ರೂ. ಬಾಕಿ ಇದೆ. ಕೆಲಸ ಹೋಗಿರುವ / ಕಾಯಿಲೆಯ ಕಾರಣ ಒಮ್ಮೆಲೇ ಕಟ್ಟಲು ಶಕ್ತಿ ಇಲ್ಲ. ಈ ದಿನ ______ ರೂ. ಕಟ್ಟಿದ್ದೇನೆ. ಉಳಿದದ್ದನ್ನು ಪ್ರತಿ ತಿಂಗಳ ಬಿಲ್ಲಿನ ಜತೆಗೆ ______ ರೂ.ನಂತೆ ಕಟ್ಟುತ್ತೇನೆ. ಅಲ್ಲಿಯವರೆಗೆ ಸಂಪರ್ಕ ಕಡಿತಗೊಳಿಸಬಾರದೆಂದು ಕೋರುತ್ತೇನೆ. ಅಸಲು ಮತ್ತು ಬಡ್ಡಿಯ ವಿವರ ಬೇರೆ ಬೇರೆಯಾಗಿ ಕೊಡಿಸಿ.
ಲಗತ್ತು: ಬಿಪಿಎಲ್ ಕಾರ್ಡ್ ಪ್ರತಿ, ಕೊನೆಯ ಬಿಲ್, ಇಂದಿನ ರಸೀದಿ.’

ಬರಿಗೈಯಲ್ಲಿ ಹೋಗಬೇಡಿ, ಸ್ವಲ್ಪವಾದರೂ ಕಟ್ಟಿ ರಸೀದಿ ಲಗತ್ತಿಸಿದ ಅರ್ಜಿಗೆ ತೂಕ ಬರುತ್ತದೆ. ಕಂತು ಎಷ್ಟು ಎಂದು ನೀವೇ ಬರೆಯಿರಿ, ಎರಡನೇ ತಿಂಗಳಿಗೇ ತಪ್ಪುವಷ್ಟು ದೊಡ್ಡ ಮೊತ್ತ ಒಪ್ಪಬೇಡಿ. ಬಡ್ಡಿ ಮನ್ನಾ ಯೋಜನೆ ಘೋಷಣೆಯಾದರೆ ಅಂಥವುಗಳಲ್ಲಿ ಸಾಮಾನ್ಯವಾಗಿ ಅಸಲನ್ನು ಗಡುವಿನೊಳಗೆ ಪೂರ್ತಿ ಕಟ್ಟಬೇಕಾಗುತ್ತದೆ. ಅಸಲು ಎಷ್ಟು ಎಂಬ ಲಿಖಿತ ವಿವರ ಮೊದಲೇ ಕೈಯಲ್ಲಿದ್ದರೆ ಆಗ ಓಡಾಟ ತಪ್ಪುತ್ತದೆ.

ಕಡಿತವಾಗಿಯೇಬಿಟ್ಟರೆ ಪ್ಲಂಬರ್ ಕರೆಸಿ ನೀವೇ ಜೋಡಿಸಿಕೊಳ್ಳಬೇಡಿ. ಬಾಕಿ ಪ್ರಕರಣ ಅಕ್ರಮ ಸಂಪರ್ಕದ ಪ್ರಕರಣವಾಗುತ್ತದೆ. ‘ಇಂದು ರಾತ್ರಿ ನೀರು ಕಟ್, ಈ ನಂಬರಿಗೆ ಕರೆ ಮಾಡಿ’ ಎಂಬ ಸಂದೇಶ ಬಂದರೆ ಆ ನಂಬರಿಗೆ ಕರೆ ಮಾಡಬೇಡಿ, ಲಿಂಕ್ ಇದ್ದರೆ ಮುಟ್ಟಬೇಡಿ, 1916ರಲ್ಲಿ ವಿಚಾರಿಸಿ. ಮೀಟರ್ ಓದಲು ಬಂದವರ ಕೈಗೆ ನಗದು ಕೊಡಬೇಡಿ. ಬೆಂಗಳೂರು ಒನ್ ಕೇಂದ್ರದಲ್ಲೋ ಆನ್‌ಲೈನಿನಲ್ಲೋ ಕಟ್ಟಿ ರಸೀದಿ ಇಟ್ಟುಕೊಳ್ಳಿ.

ಹಂತ 7: ಬಾಡಿಗೆಯವರು, ವಠಾರದವರು

ಒಂದೇ ಸಂಪರ್ಕದಲ್ಲಿ ನಾಲ್ಕು ಮನೆ, ಒಟ್ಟು 40 ಕಿಲೋಲೀಟರ್ ಎಂದರೆ ಹಳೆಯ ದರದಲ್ಲಿ 633 ರೂ. ನಾಲ್ಕಕ್ಕೂ ಬೇರೆ ಸಂಪರ್ಕ ಇದ್ದಿದ್ದರೆ 78ರಂತೆ 312 ರೂ. ವ್ಯತ್ಯಾಸ ಮನೆಗೆ ಸುಮಾರು 80 ರೂ. ಇಷ್ಟಕ್ಕೆ ಸಾವಿರಾರು ರೂಪಾಯಿ ಖರ್ಚಿನ ಹೊಸ ಸಂಪರ್ಕ ಕೂಡಲೇ ಲಾಭವಲ್ಲ, ಬಳಕೆ ಇನ್ನೂ ಹೆಚ್ಚಿರುವ ವಠಾರಗಳಲ್ಲಿ ಮಾತ್ರ ಯೋಚಿಸಿ. ಹೊಸ ಸಂಪರ್ಕದ ಹಣವನ್ನು ಕಂತಿನಲ್ಲಿ ಕಟ್ಟುವ ‘ಸರಳ ಕಾವೇರಿ’ ಬಗ್ಗೆ ಉಪವಿಭಾಗದಲ್ಲಿ ಕೇಳಿ.

ಬಾಡಿಗೆಯವರಿಗೆ ಹೆಚ್ಚು ಉಪಯೋಗವಾಗುವುದು ಬೇರೆಯದು. ಮಾಲೀಕರು ತಲೆಗೆ ಇಷ್ಟು ಎಂದು ನೀರಿನ ಹಣ ತೆಗೆದುಕೊಳ್ಳುತ್ತಿದ್ದರೆ ಆರ್.ಆರ್. ಸಂಖ್ಯೆ ಕೇಳಿ ಪಡೆಯಿರಿ. ಯುಪಿಐ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಬಿಲ್ ಮೊತ್ತ ಕಾಣುತ್ತದೆ. ಬಿಲ್ಲಿನ ಜತೆಗೆ ಟ್ಯಾಂಕರ್ ಮತ್ತು ಮೋಟರ್ ಖರ್ಚೂ ಇದ್ದರೆ ಅವುಗಳನ್ನೂ ಸೇರಿಸಿ ಮನೆಗಳ ಸಂಖ್ಯೆಯಿಂದಲ್ಲ, ಜನರ ಸಂಖ್ಯೆಯಿಂದ ಭಾಗಿಸಿ. ಇಬ್ಬರೇ ಇರುವ ವೃದ್ಧರು ಆರು ಜನರ ಮನೆಯಷ್ಟು ಕೊಡುವುದು ನ್ಯಾಯವಲ್ಲ. ಮುಂದಿನ ಬಾಡಿಗೆ ಕರಾರಿನಲ್ಲಿ ಈ ಲೆಕ್ಕವನ್ನು ಬರೆಸಿ.

ನಿಮ್ಮ ಪ್ರದೇಶ ಘೋಷಿತ ಕೊಳಗೇರಿಯಾಗಿದ್ದರೆ ಕರ್ನಾಟಕ ಕೊಳಗೇರಿ ಅಭಿವೃದ್ಧಿ ಮಂಡಳಿಯ ಗುರುತಿನ ದಾಖಲೆಯ ಪ್ರತಿಯೊಂದಿಗೆ ಉಪವಿಭಾಗಕ್ಕೆ ಹೋಗಿ, ನಿಮ್ಮ ಸಂಪರ್ಕ ಆ ವರ್ಗದಲ್ಲಿ ದಾಖಲಾಗಿದೆಯೇ ನೋಡಿ. ಸಾಮಾನ್ಯ ಗೃಹಬಳಕೆ ಎಂದು ದಾಖಲಾಗಿದ್ದರೆ ಸಿಗಬೇಕಾದ ರಿಯಾಯಿತಿ ತಾನಾಗಿ ಬರುವುದಿಲ್ಲ.

ಬೆಂಗಳೂರಿನ ಹೊರಗೆ

ರಾಜ್ಯದ ಬೇರೆ ನಗರಗಳಲ್ಲಿ ಬಿಲ್ ಕೊಡುವುದು ಹೆಚ್ಚಿನ ಕಡೆ ನಗರಸಭೆ, ಪುರಸಭೆಗಳು. ಪರಿಶಿಷ್ಟ ಜಾತಿ, ಪಂಗಡದವರಿಗಾಗಿ ಶೇ 24.10, ಇತರ ಬಡವರಿಗಾಗಿ ಶೇ 7.25, ಅಂಗವಿಕಲರಿಗಾಗಿ ಶೇ 5 ಎಂದು ಈ ಸಂಸ್ಥೆಗಳು ತಮ್ಮ ಹಣದಲ್ಲಿ ಪಾಲು ತೆಗೆದಿಡುತ್ತವೆ. ನಲ್ಲಿ ಅಥವಾ ಒಳಚರಂಡಿ ಸಂಪರ್ಕಕ್ಕೆ ಈ ನಿಧಿಯಿಂದ ನೆರವು ಕೋರಿ ಅರ್ಜಿ ಹಾಕಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಸಿದ್ಧವಿರಲಿ, ಪ್ರಕಟಣೆ ಬಂದ ಮೇಲೆ ಮಾಡಿಸಲು ಹೊರಟರೆ ಗಡುವು ಮುಗಿಯುತ್ತದೆ.

ಹೈದರಾಬಾದಿನಲ್ಲಿರುವ ಕನ್ನಡಿಗರು ಗಮನಿಸಿ: ಅಲ್ಲಿನ ಮನೆಗಳಿಗೆ ತಿಂಗಳಿಗೆ 20,000 ಲೀಟರ್ ಉಚಿತ ಯೋಜನೆ ಇದೆ. ಕೆಲಸ ಮಾಡುವ ಮೀಟರ್ ಇರಬೇಕು, ಸಂಪರ್ಕಕ್ಕೆ ಆಧಾರ್ ಜೋಡಿಸಿರಬೇಕು. ಕಾಸರಗೋಡಿನವರಿಗೆ ಕೇರಳ ಜಲ ಪ್ರಾಧಿಕಾರದಲ್ಲಿ ಬಿಪಿಎಲ್ ಕುಟುಂಬದ ತಿಂಗಳಿಗೆ 15,000 ಲೀಟರ್ ಒಳಗಿನ ಬಳಕೆ ಉಚಿತ. ಇದಕ್ಕೆ ಅರ್ಜಿ ಹಾಕಬೇಕು, ರೇಷನ್ ಕಾರ್ಡ್ ಇದ್ದ ಮಾತ್ರಕ್ಕೆ ಬಿಲ್ಲಿನಲ್ಲಿ ಕಡಿತವಾಗುವುದಿಲ್ಲ. ಹತ್ತಿರದ ಪ್ರಾಧಿಕಾರದ ಕಚೇರಿಗೆ ಹೋಗುವಾಗ ರೇಷನ್ ಕಾರ್ಡ್ ಮತ್ತು ಕೊನೆಯ ಬಿಲ್ ಎರಡನ್ನೂ ಒಯ್ಯಿರಿ.